ಹಾಜರಿಯಲ್ಲಿದ್ದ ಬಂಡೆಮ್ಮ

ಹನುಮಂತ್ರಾಯ ನಾಲ್ಕನೆಯ ಸಲ ನೀರು ಕುಡಿಯಲು ಎದ್ದಾಗ ಹತ್ತಿ ಗಿರಣಿಯ ಸಾಹುಕಾರರು ಅವನ ಅಂಗಿಯ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಲೇಬರ್ ಆಫೀಸಿನ ವರಾಂಡದಲ್ಲಿದ್ದ ಗಡಿಗೆ ಅವನೊಬ್ಬನಿಂದಲೇ ಅರ್ಧ ಖಾಲಿಯಾಗಿತ್ತು.

“ಹೊಟ್ಟಿ ಕೆರಿ ಮಾಡ್ಕೋತೀಯೇನಲೇ? ಹೇಳೋದು ಒಂದೇ ಮಾತು. ಆದೆಮ್ಮ ಬ್ಯಾರೆ, ಬಂಡೆಮ್ಮ ಬ್ಯಾರೆ. ಬಂಡೆಮ್ಮ ಕೆಲಸ ಬಿಟ್ಟು ಊರಿಗೆ ಹೋಗ್ಯಾಳ. ಮುಗೀತು.”

“ಹೂನ್ರೀ ಸಾವ್ಕಾರ್ರೆ.”

“ನೀ ಇರೋ ಮನಿ ಗಿರಣಿದು ಅನ್ನೋದು ನೆನಪದ ಅಲ್ಲ?”

ನೆನಪಿರದೆ ಏನು? ಗಿರಣಿಯ ಆವರಣದ ಆ ಎರಡು ಕೋಣೆಗಳಲ್ಲಿಯೇ ಅವನ ಮೂರು ಮಕ್ಕಳೂ ಹುಟ್ಟಿದ್ದವು. ಹಾಜರಿ ಗುಮಾಸ್ತನಿಗೆ ಮನೆ ಕೊಟ್ಟ ಗಿರಣಿ ರಾಯಚೂರಿನಲ್ಲಿ ಇನ್ನೊಂದಿಲ್ಲ ಎಂದು ಹೆಂಡತಿ ಓಣಿಯವರ ಮುಂದೆ ಜಂಬ ಕೊಚ್ಚುತ್ತಿದ್ದಳು. ಅವನು ಮತ್ತೆ ಗಡಿಗೆಯ ಕಡೆ ನೋಡಿದ.

ಗಡಿಗೆಯ ಪಕ್ಕದಲ್ಲಿ ಆದೆಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಗೂಗಲ್ ಊರ ಕಡೆಯ ಹೆಣ್ಣುಮಗಳು; ಆರು ವರ್ಷದಿಂದ ಗಿರಣಿಯಲ್ಲಿ ಹತ್ತಿಯೊಳಗಿನ ಕಸ ಆರಿಸುತ್ತಿದ್ದವಳು. ಜ್ವರ ಬಂದು ಎಂಟು ದಿನ ಮಲಗಿ ಎದ್ದು ಬಂದರೆ ಗೇಟಿನಲ್ಲಿ ತಡೆದು, ನಿನಗೆ ಕೆಲಸ ಇಲ್ಲ ಎಂದಿದ್ದರು. ಬಂಡೆಮ್ಮ ಎಂಬ ಹೆಸರಿನಲ್ಲಿ ದುಡಿದವಳೂ ತಾನೇ ಎಂದು ಯೂನಿಯನ್ನಿನ ಮೆಹಬೂಬ್ ಪಾಷಾ ಅವಳ ಕೈಯಿಂದ ಅರ್ಜಿ ಕೊಡಿಸಿದ್ದ. ವರ್ಷದಲ್ಲಿ ಇನ್ನೂರ ನಲವತ್ತು ದಿನ ದುಡಿದವರನ್ನು ಹೀಗೆ ಸುಮ್ಮನೆ ತೆಗೆದುಹಾಕುವಂತಿಲ್ಲ ಎಂಬುದು ಕಾನೂನು.

ಆ ಕಾನೂನು ಸಾಹುಕಾರರಿಗೆ ಪಾಷಾನಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಗಿರಣಿಯಲ್ಲಿ ಒಬ್ಬ ಹೆಣ್ಣಾಳೂ ವರ್ಷವಿಡೀ ಒಂದೇ ಹೆಸರಿನಲ್ಲಿ ದುಡಿಯುತ್ತಿರಲಿಲ್ಲ. ನಾಲ್ಕು ತಿಂಗಳಿಗೊಮ್ಮೆ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬದಲಾಗುತ್ತಿತ್ತು, ಹತ್ತಿ ಹೋಗಿ ಶೇಂಗಾ ಬಂದಂತೆ. ಬೆಳಿಗ್ಗೆ ಗೇಟಿನಲ್ಲಿ ಹನುಮಂತ್ರಾಯ ಪುಸ್ತಕದಲ್ಲಿದ್ದಂತೆ ಕೂಗಬೇಕು, ಅವರು ಓಗೊಡಬೇಕು, ಮಸಿ ಹಚ್ಚಿದ ಹೆಬ್ಬೆರಳು ಒತ್ತಬೇಕು. ಯಾವ ಬೆರಳೆಂದು ಯಾರಿಗೂ ತಿಳಿಯದ ಹಾಗೆ ಮಸಿ ಹರಡಿಸಿ ಒತ್ತಿಸುವುದರಲ್ಲಿ ಅವನ ಕೈ ಪಳಗಿತ್ತು.

ಹೊಸ ಹೆಸರು ಹುಡುಕುವ ಕೆಲಸವೂ ಅವನದೇ. ಕಂಡಕಂಡ ಹೆಸರು ಬರೆದು ಆಮೇಲೆ ಮರೆತರೆ ಫಜೀತಿ. ಹಾಗಾಗಿ ಹೋದ ವರ್ಷ, ೧೯೮೧ರಲ್ಲಿ, ಆದೆಮ್ಮನ ಸರದಿ ಬಂದಾಗ ಏನು ಮಾಡಿದರೂ ಮರೆಯಲಾಗದ ಹೆಸರನ್ನೇ ಬರೆದಿದ್ದ: ಬಂಡೆಮ್ಮ ಗಂಡ ಮುದುಕಪ್ಪ, ಯಾಪಲದಿನ್ನಿ. ಅವನ ಅವ್ವ, ಅವನ ಅಪ್ಪ, ಅವನ ಊರು. ಅವ್ವ ಸತ್ತು ಹನ್ನೊಂದು ವರ್ಷವಾಗಿತ್ತು, ಸತ್ತವರು ತಕರಾರು ಮಾಡುವುದಿಲ್ಲವಲ್ಲ ಎಂದುಕೊಂಡಿದ್ದ. ಮೊದಲ ದಿನ ಆ ಹೆಸರು ಕೂಗಿದಾಗ ಗುಂಪಿನೊಳಗಿಂದ “ಬಂದೀನ್ರೀ” ಎಂದು ಕೇಳಿ ಅವನು ಪುಸ್ತಕದಿಂದ ತಲೆಯೆತ್ತಿ ನೋಡಿದ್ದ. ಬರಬರುತ್ತಾ ಆ ಓಗೊಡುವಿಕೆ ಕೇಳದೆ ಅವನಿಗೆ ದಿನ ಶುರುವಾಗದಂತಾಯಿತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ.

ಒಳಗಿನಿಂದ ಕರೆ ಬಂತು.

ಲೇಬರ್ ಆಫೀಸರು ಮೈಸೂರು ಕಡೆಯವರು. ಪುಸ್ತಕವನ್ನು ಅವನತ್ತ ತಳ್ಳಿ, “ನಿಮ್ಮ ಕೈಬರಹ ತಾನೆ? ಹೋದ ವರ್ಷದ ಜುಲೈ ತಿಂಗಳದ್ದು ಗಟ್ಟಿಯಾಗಿ ಓದಿ” ಎಂದರು.

ಅವನು ಓದತೊಡಗಿದ. ದುರುಗಮ್ಮ, ಕರೆಮ್ಮ, ಬೂದೆಮ್ಮ. ಹಾಜರಿ ಕೂಗುವ ರಾಗ ತಾನಾಗಿಯೇ ಬಂದುಬಿಟ್ಟಿತು.

“ಬಂಡೆಮ್ಮ ಗಂಡ ಮುದುಕಪ್ಪ, ಯಾಪಲದಿನ್ನಿ!”

“ಬಂದೀನ್ರೀ” ಎಂದಳು ಬಾಗಿಲ ಬಳಿ ನಿಂತಿದ್ದ ಆದೆಮ್ಮ. ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಹುಕಾರರು ಕುರ್ಚಿ ಬಿಟ್ಟು ಎದ್ದರು. “ನೋಡ್ರಿ ಸಾಹೇಬ್ರ, ಪಾಷಾ ಕಲಿಸಿ ಕಳಿಸ್ಯಾನ! ನಾಟಕ ಇದು!”

“ಗೂಗಲ್ ಅಲ್ಲಮಪ್ರಭುನ ಆಣಿರೀ, ಯಾರೂ ಕಲಿಸಿಲ್ಲ. ರೂಢಿ ಆಗ್ಯದರೀ ಯಪ್ಪಾ” ಎಂದು ಆದೆಮ್ಮ ಕೈ ಮುಗಿದಳು.

ಆಫೀಸರು ಇಬ್ಬರನ್ನೂ ಸುಮ್ಮನಿರಿಸಿ ಹನುಮಂತ್ರಾಯನನ್ನೇ ಕೇಳಿದರು. “ನೀವು ಹೇಳಿ. ಈ ಬಂಡೆಮ್ಮ ಈಗ ಎಲ್ಲಿದ್ದಾಳೆ?”

“ಯಾಪಲದಿನ್ನ್ಯಾಗ ಅದಾಳ್ರೀ.”

ಸಾಹುಕಾರರು ಮತ್ತೆ ಕುರ್ಚಿಗೆ ಒರಗಿದರು.

“ಸರಿ. ಬರುವ ಸೋಮವಾರ ಕರೆದುಕೊಂಡು ಬನ್ನಿ.”

ಹನುಮಂತ್ರಾಯನ ನಾಲಿಗೆ ಒಣಗಿತು. ಕುಡಿದ ನೀರೆಲ್ಲ ಎಲ್ಲಿಗೆ ಹೋಯಿತೋ. ಯಾಪಲದಿನ್ನಿಯಿಂದ ಬಾಡಿಗೆಗೆ ಯಾವಳನ್ನಾದರೂ ಕರೆತಂದು ಇವಳೇ ಬಂಡೆಮ್ಮ ಎಂದು ನಿಲ್ಲಿಸಬಹುದಿತ್ತು. ಸಾಹುಕಾರರ ಕಣ್ಣು ಅದನ್ನೇ ಹೇಳುತ್ತಿತ್ತು. ಆದರೆ ಅವಳನ್ನು ತೋರಿಸಿ, ಇವಳ ಗಂಡ ಮುದುಕಪ್ಪ ಎಂದು ಈ ಬಾಯಿಂದ ಹೇಳುವುದು ಹೇಗೆ?

“ಬರಾಂಗಿಲ್ರೀ ಆಕಿ.”

“ಯಾಕೆ?”

“ಊರ ಹಳ್ಳದ ದಂಡಿಗೆ ನಾನೇ ಮಣ್ಣ ಮಾಡೀನ್ರೀ. ಹನ್ನೊಂದು ವರ್ಷ ಆತು. ನಮ್ಮವ್ವ ಆಕಿ. ಈ ಪುಸ್ತಕದಾಗ ಆಕಿ ಹೆಸರಲೆ ದುಡದಾಕಿ ಈಕಿ, ಆದೆಮ್ಮ.”

ಆಫೀಸರು ಪೆನ್ನು ಕೈಗೆತ್ತಿಕೊಂಡರು. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿದರು. ಆದೆಮ್ಮನ ಹೆಬ್ಬೆರಳನ್ನು ಮಾತ್ರ ತಾವೇ ಹಿಡಿದು, ಗೆರೆಗೆರೆ ಕಾಣುವ ಹಾಗೆ ಒತ್ತಿಸಿದರು.

ಸಾಹುಕಾರರು ಅವನ ಮುಖವನ್ನೂ ನೋಡದೆ ಹೊರಗೆ ನಡೆದರು. “ಸಂಜಿ ಒಳಗ ಮನಿ ಖಾಲಿ ಆಗಬೇಕು” ಎಂದರು ಮೆಟ್ಟಿಲ ಮೇಲೆ. ಬರುವಾಗ ಅವನನ್ನೂ ಕೂರಿಸಿಕೊಂಡು ಬಂದಿದ್ದ ಜೀಪು ಧೂಳೆಬ್ಬಿಸಿ ಹೋಯಿತು.

ಹನುಮಂತ್ರಾಯ ಆಫೀಸಿನ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತ. ಹೆಂಡತಿಗೆ ಏನು ಹೇಳುವುದು? ಆದೆಮ್ಮ ಬಂದು ಸ್ವಲ್ಪ ದೂರದಲ್ಲಿ ಕೂತು, ಹೆಬ್ಬೆರಳನ್ನು ಕಟ್ಟೆಯ ಕಲ್ಲಿಗೆ ತಿಕ್ಕತೊಡಗಿದಳು.

“ಎಲ್ಲಾರಿಗೂ ‘ಲೇ’ ಹಚ್ಚೇ ಕರೀತಿದ್ರಿ ನೀವು” ಎಂದಳು ಬೆರಳು ನೋಡುತ್ತಲೇ. “ಬಂಡೆಮ್ಮ ಆಗಿದ್ದ ಆ ನಾಕು ತಿಂಗಳು ನನಗೊಂದು ದಿನ ‘ಲೇ’ ಅನ್ಲಿಲ್ಲ. ಯಾಕಂತ ತಿಳಿದಿದ್ದಿಲ್ರೀ.”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅಷ್ಟರಲ್ಲಿ ದೂರದಲ್ಲಿ ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗಿತು. ಇಬ್ಬರೂ ಗಡಬಡಿಸಿ ಎದ್ದು ನಿಂತರು. ಗಿರಣಿಯ ಕಡೆ ನಾಲ್ಕು ಹೆಜ್ಜೆ ನಡೆದ ಮೇಲೆ ನಿಂತು, ಒಬ್ಬರ ಮುಖ ಒಬ್ಬರು ನೋಡಿದರು.