ಪ್ರಹ್ಲಾದನ ಬಲಗೈ

"ಹೊಲಗೇರಿಯಿಂದ ಎತ್ಕೊಂಡ್ ಬಂದು ವಿಮಾನ ಹತ್ತಿಸ್ದೆ ನೋಡು, ನನ್ ಚಪ್ಪಲೀಲಿ ನಾನೇ ಹೊಡ್ಕೋಬೇಕು!"

ಹೋಟೆಲಿನ ಮಾಲೀಕ ಸತ್ಯಪ್ರಕಾಶ ಚಂದ್ರಮ್ಮನ ತುರುಬು ಹಿಡಿದು ಗ್ರೈಂಡರಿನ ಬಳಿಯಿಂದ ಎಳೆದ. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡಿದ್ದ ಅವಳು ಒದ್ದೆ ನೆಲದಲ್ಲಿ ಜಾರಿ ಬಿದ್ದಳು. ಆಚೆ ಊಟದ ಹಾಲಿನಲ್ಲಿ ಭಾನುವಾರದ ಬಫೆ. ವೈಟೂಕೆ ಎಂಬ ಕಂಪ್ಯೂಟರ್ ಕೆಲಸಕ್ಕೆಂದು ಅಮೆರಿಕದ ಡಾಲಸ್ಸಿಗೆ ಬಂದಿಳಿದ ಸಂಸಾರಗಳೆಲ್ಲ ತಟ್ಟೆ ಹಿಡಿದು ಸಾಲು ನಿಂತಿದ್ದವು.

"ಹೂಸ್ಟನ್ನಿಗೆ ಓಡೋಗ್ತೀಯಂತೆ ಲೌಡಿ?"

"ಓಡೋಗಕಿಲ್ಲ. ಯೋಳ್ಬುಟ್ಟೇ ಹೋಯ್ತೀನಿ."

ಅವನು ಅವಳ ಹೊಟ್ಟೆಗೆ ಒದ್ದ.

ಮಳವಳ್ಳಿ ಕಡೆಯ ಚಂದ್ರಮ್ಮ ಗಂಡನನ್ನು ಬಿಟ್ಟವಳು. ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತಿಕ್ಕುತ್ತಲೇ ಅಡುಗೆಯನ್ನು ಕಣ್ಣಲ್ಲಿ ಕಲಿತವಳು. ಇಲ್ಲಿಗೆ ಕರೆತಂದ ಸತ್ಯಪ್ರಕಾಶ ಅವಳನ್ನು ಡಾಲಸ್ಸಿನ ಹೊರವಲಯದ ಫ್ರಿಸ್ಕೋದಲ್ಲಿದ್ದ ತನ್ನ ಹೊಸ ಮನೆಯ ಗ್ಯಾರೇಜಿನಲ್ಲಿ ಮಲಗಿಸಿದ. ಅವನ ಹೆಂಡತಿ ಶಕುಂತಲಾ ಅವಳ ತಟ್ಟೆಯನ್ನು ಹೊಸಿಲಾಚೆಗೇ ತಳ್ಳುತ್ತಿದ್ದಳು. ಅವಳು ರುಬ್ಬಿದ ಹಿಟ್ಟಿನ ದೋಸೆಗೆ ಮಾತ್ರ ಆ ಮನೆಯಲ್ಲಿ ಮೈಲಿಗೆ ಇರಲಿಲ್ಲ.

ದೋಸೆ ಹುಯ್ಯುವ ಪ್ರಹ್ಲಾದ ಕೊಪ್ಪಳದವನು. ಗ್ರೈಂಡರಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲವಾಗಿ ಮೊದಮೊದಲು ಅವರ ಪ್ರೀತಿಯೆಲ್ಲ ಕಣ್ಣಲ್ಲಿ, ಕೈಸನ್ನೆಯಲ್ಲಿ ನಡೆದಿತ್ತು. ಒಂದು ದಿನ ಗ್ರೈಂಡರು ಕೆಟ್ಟು ನಿಂತಾಗ ಅವನು ಬಾಯಿಬಿಟ್ಟ.

"ನನ್ ಕೂಡ ಬರ್ತಿ? ರಾಣಿ ಹಂಗ ಮನ್ಯಾಗ ಕೂಡ್ರಸ್ತೀನಿ."

"ಕೂರಾಕೆ ಬರಕಿಲ್ಲ ಕನಾ. ನಾನೂ ದುಡಿತೀನಿ, ನನ್ ದುಡ್ಮೆ ನನ್ ಕೈಗೇ ಬರ್ಬೇಕು. ಒಪ್ಗೆ ಇದ್ರೆ ಯೋಳು."

ಅವನು ನಕ್ಕುಬಿಟ್ಟಿದ್ದ. "ಆತ್ ಬಿಡಬೇ, ನೀ ಹೇಳಿದಂಗ."

ಹೂಸ್ಟನ್ನಿನ ಹೋಟೆಲೊಂದರಲ್ಲಿ ಇಬ್ಬರಿಗೂ ಕೆಲಸ ಗೊತ್ತಾಗಿತ್ತು. ಆದರೆ ಕೆಲಸ ಕೊಡುತ್ತೇನೆಂದ ಅಲ್ಲಿನ ಮಾಲೀಕನೇ ಈ ಬೆಳಿಗ್ಗೆ ಸತ್ಯಪ್ರಕಾಶನಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದ.

ಪ್ರಹ್ಲಾದ ಕಾವಲಿಯ ಮುಂದಿನಿಂದ ಸರಿದು ಬಂದು ಅಡ್ಡ ನಿಂತ. "ಆಕಿ ಮ್ಯಾಲ ಕೈ ಎತ್ತಬ್ಯಾಡ್ರಿ, ಸಾವ್ಕಾರ್ರ."

"ನಂಗೆ ಕೈ ತೋರಿಸ್ತೀಯೇನೋ ಬೋಳಿಮಗನೆ?"

ಸತ್ಯಪ್ರಕಾಶ ಅವನ ಬಲ ಮುಂಗೈ ತಿರುಚಿ, ಅಂಗೈಯನ್ನು ಕಾದ ಕಾವಲಿಗೆ ಒತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಚರ್ರೆಂದಿತು. ಪ್ರಹ್ಲಾದನ ಕೂಗನ್ನು ಹೊಗೆ ಎಳೆಯುವ ಫ್ಯಾನಿನ ಸದ್ದು ನುಂಗಿತು. ಚಂದ್ರಮ್ಮ ಎದ್ದವಳೇ ಮಾಲೀಕನ ತೋಳಿಗೆ ಹಲ್ಲು ಹಾಕಿದಳು. ಬಾಯಿಗೆ ರಕ್ತದ ರುಚಿ ಹತ್ತುವವರೆಗೂ ಬಿಡಲಿಲ್ಲ. ಅವನ ಹಿಡಿತ ಸಡಿಲಿದಾಗ ಅಂಗೈಯ ತೊಗಲು ಕಾವಲಿಯ ಮೇಲೇ ಉಳಿಯಿತು.

"ಎಣ್ಣೆ ಚೆಲ್ಕೊಂಡ ಅನ್ನು," ಸತ್ಯಪ್ರಕಾಶ ಏದುಸಿರು ಬಿಟ್ಟ. "ಹಿಂದ್ಗಡೆ ಕರ್ಕೊಂಡ್ ಹೋಗು. ಬಾಯಿ ಬಿಟ್ರೆ ಪೊಲೀಸಿಗೆ ಹಿಡ್ಕೊಟ್ಟು ಇಬ್ರನ್ನೂ ಊರಿಗೆ ಒದ್ದು ಕಳಿಸ್ತೀನಿ."

ಚಂದ್ರಮ್ಮ ಹಿಂದುಗಡೆಗೆ ಹೋಗಲಿಲ್ಲ. ಪ್ರಹ್ಲಾದನನ್ನು ತಬ್ಬಿ ಹಿಡಿದು ಸೀದಾ ಹಾಲಿಗೆ ನಡೆದಳು. ಹತ್ತಿರದ ಮೇಜಿನಲ್ಲಿ ಮೈಸೂರಿನ ಭಾಸ್ಕರ ಹೆಂಡತಿ ಪದ್ಮಿನಿ, ಮಗಳು ರಿಯಾ ಜೊತೆ ಉಣ್ಣುತ್ತಿದ್ದ. ಅವರ ತಟ್ಟೆಗಳ ನಡುವೆ ಆ ಕೈಯನ್ನು ಇಟ್ಟಳು.

"ನೋಡಿ ಸಾಮಿ. ನಿಮ್ಗೆ ದೋಸೆ ಹುಯ್ದ್ ಕೈ. ನಮ್ ಧಣಿ ಕಾವ್ಲಿ ಮ್ಯಾಲೆ ಇಟ್ಟು ಬೇಯಿಸ್ದ."

ಪದ್ಮಿನಿ ಮಗಳ ಕಣ್ಣು ಮುಚ್ಚಿದಳು.

"ಏನಿಲ್ಲ ಸರ್, ಆಕ್ಸಿಡೆಂಟ್. ನೀವು ಊಟ ಮಾಡಿ," ಅನ್ನುತ್ತಾ ಬಂದ ಸತ್ಯಪ್ರಕಾಶ, ಎಲ್ಲರೆದುರು ನಗುತ್ತಲೇ, ಅವಳ ರಟ್ಟೆಗೆ ಉಗುರು ಊರಿದ. ಚಂದ್ರಮ್ಮ ಬಫೆಯ ಸಾರಿನ ಸೌಟು ಕಿತ್ತುಕೊಂಡು ಅವನ ಮುಖಕ್ಕೆ ಬೀಸಿದಳು. ಮತ್ತೊಮ್ಮೆ ಬೀಸಿದಳು. ಮೂಗಿನ ರಕ್ತ ಮೊಸರನ್ನದ ಪಾತ್ರೆಗೆ ತೊಟ್ಟಿಕ್ಕಿತು.

ಉಣ್ಣುತ್ತಿದ್ದವರೆಲ್ಲ ಎದ್ದು ಹೊರಟು ಹಾಲ್ ಖಾಲಿಯಾಯಿತು. ಎಲ್ಲರ ಕಿಸೆಯಲ್ಲೂ ಕಾರಿನ ಕೀ ಇತ್ತು. ಆಸ್ಪತ್ರೆ ಹೈವೇಯ ಆಚೆ. ನಡೆದು ಹೋಗಲು ದಾರಿಯಿರಲಿಲ್ಲ. ಚಂದ್ರಮ್ಮ ಹೊರಗೆ ಕರೆತಂದ ಪ್ರಹ್ಲಾದ ಉರಿಬಿಸಿಲಿನ ಪಾರ್ಕಿಂಗಿನಲ್ಲಿ ಕುಸಿದು ಕೂತ.

ಭಾಸ್ಕರನ ಕಾರು ಹೊರಟಿತು. ಚಂದ್ರಮ್ಮ ಅದರ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

ಕಿಟಕಿ ಒಂದಿಷ್ಟೇ ಇಳಿಯಿತು. "ದಾರಿ ಬಿಡಮ್ಮ. ನಿಮ್ಮ ಜಗಳಕ್ಕೆ ನಾವ್ಯಾಕೆ?"

"ಹತ್ಸು ನನ್ ಮ್ಯಾಲೆ! ಇಲ್ದಿದ್ರೆ ಬಾಗ್ಲು ತೆಗಿ!"

ಹಿಂದಿನ ಸೀಟಿನಿಂದ ರಿಯಾ ಚೀರಿದಳು. "ಡ್ಯಾಡ್, ಸ್ಟಾಪ್!"

ಕಿಟಕಿ ಮೇಲೇರಿತು. ನಾಲ್ಕೂ ಬಾಗಿಲಿನ ಲಾಕುಗಳು ಒಮ್ಮೆಲೇ ಟಕ್ಕೆಂದು ಬಿದ್ದವು. ಕಾರು ಗೇಣುದ್ದ ಮುಂದೆ ಬಂತು. ಬಂಪರು ಅವಳ ಮಂಡಿಗೆ ತಾಗಿತು.

ಚಂದ್ರಮ್ಮ ಕದಲಲಿಲ್ಲ.