ಹಾಡಿನ ನಡುವಿನ ಮಾತು

ಹೊನ್ನಾವರದಲ್ಲಿ ಸಂಗೀತ ಕಲಿಸುವ ನನಗೆ ತಪ್ಪು ಹುಡುಕುವುದೆಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮಾಲತಿ ಟೀಚರ ಮುಖ ಸಿಂಡರಿಸುತ್ತದೆ ಎಂದು ಶಿಷ್ಯರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಖ್ಯಾತಿಯಿಂದಲೇ ಇರಬೇಕು, ಒಂದು ಸಂಗೀತ ಟ್ರಸ್ಟಿನವರು ಹಳೆಯ ವೆಬ್‌ಸೈಟುಗಳಿಗೆ ಅಂಕ ಹಾಕುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಊರಿಗೆ ಇಂಟರ್ನೆಟ್ ಬಂದ ಹೊಸತರಲ್ಲಿ ಅಭಿಮಾನಿಗಳು ತಮ್ಮ ಮೆಚ್ಚಿನ ಗಾಯಕರಿಗಾಗಿ ಕಟ್ಟಿದ ಪುಟಗಳು ಅವು. ಈಗ ಒಂದೊಂದೇ ಮುಚ್ಚಿಹೋಗುತ್ತಿವೆ. ಅವುಗಳಲ್ಲಿ ಒಳ್ಳೆಯದನ್ನು ಆರಿಸಿ ಟ್ರಸ್ಟು ಕಾಪಿಡುತ್ತದೆ. ಮಾಡಿದವರು ಯಾರು, ಮಾಹಿತಿ ಎಲ್ಲಿಂದ ಬಂದದ್ದು, ಧ್ವನಿ ಸ್ವಚ್ಛವಾಗಿದೆಯೇ ಎಂದು ನೋಡಿ ನಾನು ಅಂಕ ಕೊಡಬೇಕು. ಒಂದು ಹಾಡಿಗೆ ಒಂದೇ ಧ್ವನಿಮುದ್ರಣ ಉಳಿಯುವುದು. ಎರಡಿದ್ದರೆ ಕಡಿಮೆ ಅಂಕ ಪಡೆದದ್ದು ಹೋಯಿತು.

ಸುಮತಿ ಅಕ್ಕೋರ ಹೆಸರಿನಲ್ಲಿ ಎರಡು ಸೈಟುಗಳಿದ್ದವು. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತೇವೆ. ಸುಮತಿ ಅಕ್ಕೋರು ಭಟ್ಕಳದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಭಜನೆ ಹಾಡಿ ಹೆಸರು ಮಾಡಿದವರು. ರೇಡಿಯೊ ಕಡೆ ತಲೆ ಹಾಕಲಿಲ್ಲ, ಕ್ಯಾಸೆಟ್ ಕಂಪನಿಗಳ ಸಹವಾಸಕ್ಕೆ ಹೋಗಲಿಲ್ಲ. ಅವರ ಧ್ವನಿ ಎಂದು ಉಳಿದದ್ದು ಭೀಮಪಲಾಸ್ ರಾಗದ ಒಂದೇ ಒಂದು ಭಜನೆ. ಅದು ಎರಡೂ ಸೈಟಿನಲ್ಲಿತ್ತು.

ಮೊದಲನೆಯದು ಕುಮಟೆಯ ಬ್ಯಾಂಕ್ ನೌಕರ ಸಂದೇಶರದು. ಬಿಳಿ ಪುಟ, ಓರಣವಾದ ಫೋಟೊಗಳು, ಹಾಡಿನ ಕೆಳಗೆ ‘ಕುಮಟೆಯ ಸಂಗೀತ ಕಛೇರಿ’ ಎಂಬ ವಿವರ. ಧ್ವನಿಯೂ ತೊಳೆದಿಟ್ಟ ಹಾಗಿತ್ತು. ನನಗೆ ಖುಷಿಯಾಯಿತು.

ಎರಡನೆಯದನ್ನು ಭಟ್ಕಳದ ಮೋಹನ ಮೊಗೇರ ಎನ್ನುವವರು ಶಾರ್ಜಾದಲ್ಲಿ ಕೆಲಸಕ್ಕಿದ್ದಾಗ ಮಾಡಿದ್ದರು. ದೇವರೇ! ಕಪ್ಪು ಪುಟದ ಮೇಲೆ ಕೆಂಪು ಅಕ್ಷರಗಳು ಕಣ್ಣು ಮಿಟುಕಿಸುತ್ತಿದ್ದವು, ಮೂಲೆಯಲ್ಲಿ ಒಂದು ಗುಲಾಬಿ ಗರಗರ ತಿರುಗುತ್ತಿತ್ತು. ಸಾಲದ್ದಕ್ಕೆ ಹಾಡಿನ ನಡುವೆ ಯಾರೋ ಹೆಂಗಸು ಬಾಯಿ ಹಾಕಿ ಮಾತಾಡುತ್ತಾಳೆ. ಧ್ವನಿಗೆ ಹತ್ತಕ್ಕೆ ಎರಡು ಎಂದು ಬರೆದೆ.

ಮರುದಿನ ಸಂಜೆ, ಟ್ರಸ್ಟಿನವರಿಂದ ನನ್ನ ನಂಬರು ಪಡೆದು, ಮೋಹನರು ಫೋನು ಮಾಡಿದರು. ವಶೀಲಿಗೆ ಬಂದ ಗಿರಾಕಿ ಎಂದು ನಾನು ಸ್ವಲ್ಪ ಬಿಗಿದುಕೊಂಡೆ.

“ಮೇಡಂ, ಪುಟ ಚಂದ ಇಲ್ಲ ಅಂತ ನಂಗೂ ಗೊತ್ತು. ಹಾಡಿನ ನಡುವೆ ಬರೂ ಮಾತು ಮಾತ್ರ ತೆಗಿಬೇಡಿ. ಅದು ನನ್ನ ಹೆತ್ತ ಅಬ್ಬೆ, ಗಣಪಿ. ಅಕ್ಕೋರ ಮನೆಗೆ ಮೀನು ಕೊಡೂಕೆ ಹೋಗ್ತಿದ್ಲು. ಆಗ ನಮ್ಮ ಮನೇಲಿ ಫೋನ್ ಎಲ್ಲಿ? ಕ್ಯಾಸೆಟಲ್ಲಿ ಮಾತು ತುಂಬ್ಸಿ ಊರಿಂದ ಗಲ್ಫಿಗೆ ಬರೋರ ಕೈಲಿ ಕಳ್ಸೂದಿತ್ತು. ನಂಗೆ ಬಂದದ್ದು ಅದೊಂದೇ. ಮುಂದಿನ ಮಳೆಗಾಲಕ್ಕೆ ಅಬ್ಬೆ ಇರ್ಲಿಲ್ಲ.”

“ನಿಮ್ಮ ಹತ್ರ ಪ್ರತಿ ಇದೆಯಲ್ಲ?”

“ಮೊಬೈಲಲ್ಲಿ ಇದೆ. ಅದು ನಾ ಇರೂ ತನಕ. ನಿಮ್ಮ ಸಂಗ್ರಹ ನಾ ಹೋದ ಮೇಲೂ ಇರ್ತದಲ್ಲ ಮೇಡಂ.”

ಕರುಣೆಗೆ ಅಂಕವಿಲ್ಲ ಎಂಬ ಮಾತು ತುದಿನಾಲಿಗೆಯಲ್ಲಿತ್ತು. “ನೋಡ್ವಾ” ಎಂದಷ್ಟೇ ಅಂದೆ.

ಆಮೇಲೆ ಕುಳಿತು ಎರಡನ್ನೂ ಮತ್ತೆ ಕೇಳಿದೆ. ಮೋಹನರದ್ದರಲ್ಲಿ ಅಂತರಾ, ಅಂದರೆ ಹಾಡಿನ ಎರಡನೆಯ ಭಾಗ, ಶುರುವಾಗುವ ಮುಂಚೆ ಒಂದು ಕಾಗೆ ಕೂಗುತ್ತದೆ. ಸಂದೇಶರ ಸ್ವಚ್ಛ ಮುದ್ರಣದಲ್ಲೂ ಅದೇ ಜಾಗದಲ್ಲಿ ಕಾಗೆ ಕೂಗಿತು. ಕಾಗೆ ಕಛೇರಿಗೂ ಬರಬಹುದು, ನಾನು ಬೇಡ ಎನ್ನುವುದಿಲ್ಲ. ಆದರೆ ಒಂದೇ ಕಾಗೆ ಎರಡು ಊರುಗಳಲ್ಲಿ ತಾಳದ ಅದೇ ಮಾತ್ರೆಗೆ ಸರಿಯಾಗಿ ಕೂಗುವಷ್ಟು ಲಯಜ್ಞಾನಿಯಾಗಿರಲಾರದು!

ಸಂದೇಶರಿಗೆ ಫೋನು ಮಾಡಿದೆ. ಪಾಪ, ಅವರು ಸುಳ್ಳು ಹೇಳಲಿಲ್ಲ.

“ಹೌದು, ಯಾರೋ ಸಿಡಿಯಲ್ಲಿ ಹಾಕಿ ಕೊಟ್ಟಿದ್ರು. ನಡುವೆ ಒಂದು ಹೆಂಗಸು ಎಂತದೋ ಗಲಾಟೆ ಮಾಡ್ತಿತ್ತು, ಕತ್ತರಿಸಿ ತೆಗ್ದೆ. ಅಕ್ಕೋರ ಮರ್ಯಾದೆ ಪ್ರಶ್ನೆ ಅಲ್ವಾ?”

“ಕುಮಟೆಯ ಕಛೇರಿ ಅಂತ ಯಾರು ಹೇಳಿದ್ರು?”

“ಅದು ಅಂದಾಜು.”

ಅಲ್ಲಿಗೆ ಮಾಹಿತಿಯ ಅಂಕ ಹಾರಿಹೋಯಿತು. ಧ್ವನಿಯ ಅಂಕ ಮಾತ್ರ ಗಟ್ಟಿಯಾಗಿ ಕುಳಿತಿತ್ತು. ಕತ್ತರಿಸಿದ್ದೇ ಕೇಳಲು ಚೆಂದ, ಅದೂ ಸುಳ್ಳಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಿಡಲೊಲ್ಲದು. ಗಣಪಿ ಬಾಯಿ ಹಾಕಿದ್ದಕ್ಕೆ ಹಾಡು ನಿಂತದ್ದಲ್ಲ. ಸಾಲಿನ ಅರ್ಧದಲ್ಲಿ ಅಕ್ಕೋರೇ ನಿಲ್ಲಿಸುತ್ತಾರೆ, ಒಂದು ಉಸಿರಿನಷ್ಟು ಮೌನ, ಆಮೇಲೆ ಗಣಪಿಯ ಮಾತು. ಅಷ್ಟು ಪಳಗಿದ ಗಾಯಕಿ ಯಾಕೆ ಹಾಗೆ ಮಾಡಿದರು? ಮೊಬೈಲಿನಲ್ಲಿ ಎರಡೂ ಹಾಡು ತುಂಬಿಕೊಂಡು ಭಾನುವಾರ ಕುಮಟೆಯ ಬಸ್ಸು ಹತ್ತಿದೆ.

ನಿವೃತ್ತರಾದ ಮೇಲೆ ಅಕ್ಕೋರು ಕುಮಟೆಯ ಹತ್ತಿರದ ಬಾಡ ಎಂಬ ಊರಿನಲ್ಲಿ ತಂಗಿಯ ಮಗಳು ಮಧುರಾಳ ಮನೆಯಲ್ಲಿದ್ದಾರೆ. ಕಂಠ ಹೋಗಿದೆ, ಕಿವಿ ಮಾತ್ರ ಚುರುಕು. ಬಂದ ಕಾರಣ ಹೇಳಿ, ಅವರಿಗೆ ಇಷ್ಟವಾದೀತೆಂದು ಮೊದಲು ಸಂದೇಶರ ಮುದ್ರಣವನ್ನೇ ಹಾಕಿದೆ. ಅವರು ಕಣ್ಣು ಮುಚ್ಚಿ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಅರ್ಧ ಸಾಲಿಗೆ ಬಂದಾಗ ಬೆರಳು ಮೇಲೇ ನಿಂತಿತು. ಸಾಲಿನ ಉಳಿದರ್ಧ ಶುರುವಾಗಿಯೇ ಬಿಟ್ಟಿತು.

ಅಕ್ಕೋರು ಕಣ್ಣು ತೆರೆದರು.

“ಗಣಪಿ ಎಲ್ಲಿ?”

ತೆಗೆದುಹಾಕಿದ್ದಾರೆ, ಹಾಡಿಗೆ ಅಡ್ಡ ಬರುತ್ತಿತ್ತಂತೆ ಎಂದೆ.

“ಅಡ್ಡ?” ಮುದುಕಿಗೆ ಸಿಟ್ಟು ಬಂತು. “ಆ ಹಾಡು ಹುಟ್ಟಿದ್ದೇ ಅವಳಿಂದ. ಮಗನಿಗೆ ಕ್ಯಾಸೆಟ್ ಕಳ್ಸಬೇಕು ಅಂತ ಬಂದ್ಲು. ಟೇಪಿನ ಮುಂದೆ ಕೂರ್ಸಿದ್ರೆ ಬಾಯೇ ಬರೂದಿಲ್ಲ! ಪೇಟೆಲಿ ಮೀನಿಗೆ ಕೂಗಿದ್ರೆ ಮೂರು ಓಣಿಗೆ ಕೇಳ್ತಿತ್ತು. ‘ಖಾಲಿ ಡಬ್ಬಿ ಹತ್ರ ಎಂತ ಮಾತಾಡೂದು ಅಕ್ಕೋರೇ? ನೀವು ಹಾಡ್ತಾ ಇರಿ, ಬಾಯಿಗೆ ಬಂದಾಗ ಹೇಳ್ತೆ’ ಅಂದ್ಲು. ಆತು ಅಂದೆ. ಅವಳ ಮುಖ ನೋಡ್ತಾ ಹಾಡ್ದೆ. ತುಟಿ ಅಲ್ಲಾಡ್ತು, ನಿಲ್ಸಿದೆ. ದೊಡ್ಡ ದೊಡ್ಡೋರು ಎದುರು ಕೂತಾಗೂ ನಾ ಅರ್ಧಕ್ಕೆ ನಿಲ್ಸಿದವ್ಳಲ್ಲ.”

ಮೋಹನರದ್ದನ್ನು ಹಾಕಿದೆ. ಹಾಡು ನಿಂತಿತು. ಬೆರಳೂ ನಿಂತಿತು. “ಮೋಹನಾ, ಊಟ ಆತಾ? ನಂಗೆ ಎಂತ ಹೇಳೂದು ಗೊತ್ತಾಗೂದಿಲ್ಲ. ಅಕ್ಕೋರು ಹಾಡ್ತ್ರು, ಕೇಳು.” ಹಾಡು ಮತ್ತೆ ಶುರುವಾಯಿತು, ಬೆರಳು ಸರಿಯಾಗಿ ಅದೇ ಪೆಟ್ಟಿಗೆ ಬಿತ್ತು. ಅಕ್ಕೋರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಮುಚ್ಚಿಡುವುದೇನು.

ಹೊರಡುವಾಗ ಅಕ್ಕೋರು ಕೇಳಿದರು, “ಸಾಥ್ ಯಾರದ್ದು ಅಂತ ಬರೀತ್ರಿ ಅಲ್ವಾ?”

“ಬರೀತೇವೆ. ತಬಲಾ, ಹಾರ್ಮೋನಿಯಂ ಯಾರದ್ದು ಅಂತ. ಇದರಲ್ಲಿ ಎರಡೂ ಇಲ್ಲ, ಖಾಲಿ ಬಿಟ್ಟಿದ್ದೇನೆ.”

“ಖಾಲಿ ಯಾಕೆ? ಗಣಪಿ ಅಂತ ಬರಿ.”

ಮನೆಗೆ ಬಂದು ಹಾಗೆಯೇ ಬರೆದೆ. ಧ್ವನಿಯ ಎರಡನ್ನು ಹೊಡೆದು ಹತ್ತು ಮಾಡಿದೆ. ಟ್ರಸ್ಟಿನವರು ಜಗಳಕ್ಕೆ ಬರಲಿ, ನಾನು ತಯಾರಿದ್ದೇನೆ. ಆಮೇಲೆ ಮೋಹನರಿಗೆ ಫೋನು ಮಾಡಿ ಓದಿ ಹೇಳಿದೆ: “ಹಾಡಿದವರು ಸುಮತಿ. ಸಾಥ್, ಗಣಪಿ ಮೊಗೇರ.”

“ಇನ್ನೊಂದ್ಸಲ ಓದಿ ಮೇಡಂ,” ಅಂದರು.

ಓದಿದೆ.