ಮುಟ್ಟದೆ ಬರೆದ ನಾಡಿ

"ಅಲ್ಲೇ, ಅಲ್ಲೇ ನಿಲ್ಲು! ಚರಂಡಿಯವನ ಮಗಳಲ್ವಾ ನೀನು? ಒಳಗೆ ಬರ್ಬೇಡ. ಬಾಗಿಲ ಹತ್ರಾನೇ ನಿಂತು ಬಾಯಿ ತೆಗಿ, ನಂಗೆ ಇಲ್ಲಿಂದಾನೇ ಕಾಣುತ್ತೆ," ಎಂದರು ಡಾಕ್ಟರು.

ಹುಡುಗಿ ಬಾಯಿ ತೆರೆದಳು. ಡಾಕ್ಟರು ಮೇಜಿನಾಚೆಯಿಂದ, ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ಕತ್ತು ಉದ್ದ ಮಾಡಿ ಇಣುಕಿದರು. ಸ್ಟೆತಾಸ್ಕೋಪು ಅವರ ಕೊರಳಲ್ಲಿ ಮನೆಯಳಿಯನ ಹಾಗೆ ಸುಮ್ಮನೆ ತೂಗಾಡುತ್ತಿತ್ತು.

"ನಾಲಿಗೆ ಚೆನ್ನಾಗಿದೆ. ಉದ್ದಾನೂ ಇದೆ," ಎಂದು ನಕ್ಕರು.

"ಅದು ನಮ್ಮ ಮನೆತನದ್ದು ಸ್ವಾಮಿ," ಎಂದಳು ಜೊತೆಗೆ ಬಂದಿದ್ದ ಅಜ್ಜಿ, ಹೊಸ್ತಿಲಾಚೆಯಿಂದಲೇ.

ಮೊಮ್ಮಗಳಿಗೆ ವೈದ್ಯ ಸಹಾಯಕಿಯ ತರಬೇತಿಗೆ ಸೀಟು ಸಿಕ್ಕಿದೆ ಎಂದು ಗೊತ್ತಾದಂದಿನಿಂದ ಓಣಿಯಲ್ಲಿ ಒಬ್ಬರಿಗೂ ನೆಮ್ಮದಿ ಇರಲಿಲ್ಲ. ಹುಡುಗಿ ಕಂಡಕಂಡವರ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು. ಗುಂಡುಕಲ್ಲಿನಂತಿದ್ದ ಕಸದ ಗಾಡಿಯವನೂ ತನಗೇನೋ ಆಗಿದೆ ಎಂದುಕೊಂಡು ಮಲಗಿಬಿಟ್ಟ. "ಕೈ ಬಿಡೇ ಮುಂಡೇದೇ, ನಾನಿನ್ನೂ ಸತ್ತಿಲ್ಲ!" ಎಂದು ಅಜ್ಜಿ ಬೈಯುತ್ತಿದ್ದಳು, ಬೈದು, ಇನ್ನೊಂದು ಕೈಯನ್ನೂ ಚಾಚುತ್ತಿದ್ದಳು. ಬಿಳಿ ಸಮವಸ್ತ್ರ ಹೊಲಿಸಿ ಆಗಿತ್ತು. ಒಮ್ಮೆಯೂ ತೊಡದ ಆ ಬಟ್ಟೆಗೆ ಅಮ್ಮ ಮತ್ತೆ ಮತ್ತೆ ಇಸ್ತ್ರಿ ಹಾಕುತ್ತಿದ್ದಳು. ಉಳಿದದ್ದು ಆರೋಗ್ಯದ ಸರ್ಟಿಫಿಕೇಟು ಒಂದೇ. ಅದಕ್ಕೆ ಸಹಿ ಹಾಕುವ ಅಧಿಕಾರ ಈ ಡಾಕ್ಟರಿಗೆ ಮಾತ್ರ ಇತ್ತು. ಈಗಿನ ಬಸ್ಸು ಹಿಡಿದು ಇವತ್ತು ಸಂಜೆಯೊಳಗೆ ಪೇಟೆಯ ತರಬೇತಿ ಕೇಂದ್ರಕ್ಕೆ ಕೊಡದಿದ್ದರೆ ಸೀಟು ಬೇರೆಯವರ ಪಾಲು.

ಡಾಕ್ಟರು ಪೆನ್ನು ತೆಗೆದರು. ಕೆಟ್ಟವರೇನಲ್ಲ. ನಗುನಗುತ್ತಲೇ ಮಾತಾಡುವವರು, ಈ ಓಣಿಯವರನ್ನಂತೂ ಕಾಯಿಸದೆ ಬೇಗ ಸಾಗಹಾಕುವವರು. "ಎದೆ ಸರಿ, ಉಸಿರು ಸರಿ... ನಾಡಿ ಎಪ್ಪತ್ತೆರಡು," ಎಂದುಕೊಳ್ಳುತ್ತಾ ಬರೆದು, ಸೀಲು ಒತ್ತಿ, ಕಾಗದವನ್ನು ಅಡಿಪಟ್ಟಿಯಿಂದ ಮೇಜಿನ ಅಂಚಿಗೆ ತಳ್ಳಿದರು.

"ತಗೊಂಡು ಹೊರಡು. ಒಳ್ಳೇದಾಗ್ಲಿ."

ಅಜ್ಜಿ ಕೈ ಮುಗಿದಳು. ಹುಡುಗಿ ಬಂದು ಕಾಗದ ಎತ್ತಿಕೊಂಡು ಓದಿದಳು.

"ನಾಡಿ ಯಾವಾಗ ನೋಡಿದ್ರಿ ಸಾರ್?"

"ಅಯ್ಯೋ, ವಯಸ್ಸಿನ ಹುಡುಗಿ! ಇನ್ನೆಷ್ಟಿರುತ್ತೆ?"

"ಅಪ್ಪಂಗೂ ಎಪ್ಪತ್ತೆರಡೇ ಬರ್ದಿದ್ರಿ. ವರ್ಷಾವರ್ಷ ಬರ್ದ್ರಿ, ಕೆಲ್ಸಕ್ಕೆ ಗಟ್ಟಿ ಅಂತ. ಕೊನೇ ಸಲ ಬರ್ದು ತಿಂಗ್ಳೂ ತುಂಬ್ಲಿಲ್ಲ, ಚರಂಡಿ ಒಳಗೇ ಎದೆ ಹಿಡ್ಕೊಂಡು ಕೂತ. ಮೇಲೆ ಬರ್ಲೇ ಇಲ್ಲ."

"ಅದು ಅವನ ಹಣೆಬರಹ. ನಾನೇನಮ್ಮ ಮಾಡ್ಲಿ?"

"ಹಣೇಲಿ ಬರ್ದೋರು ಯಾರೋ ಗೊತ್ತಿಲ್ಲ. ಕಾಗ್ದದಲ್ಲಿ ಬರ್ದೋರು ನೀವೇ."

ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ರೋಗಿಗಳು ಬಾಗಿಲತ್ತ ಕತ್ತು ತಿರುಗಿಸಿದರು. ಕಾಂಪೌಂಡರು ಒಳಗೆ ತಲೆ ಹಾಕಿದ. "ಏಯ್, ಸಹಿ ಆಯ್ತಲ್ಲ, ಜಾಗ ಖಾಲಿ ಮಾಡು! ಚರಂಡಿ ಜನಕ್ಕೆ ಸಲಿಗೆ ಕೊಟ್ರೆ ತಲೆ ಮೇಲೇ ಕೂತ್ಕೋತಾರೆ."

"ನಿಮ್ ತಲೆಗೆ ಎಣ್ಣೆ ಜಾಸ್ತಿಯಾಗಿದೆ ಅಣ್ಣ, ಜಾರ್ತೀನಿ. ನಂಗೆ ಸ್ಟೂಲೇ ಸಾಕು," ಎಂದು ಹುಡುಗಿ ರೋಗಿಗಳ ಸ್ಟೂಲಿನ ಮೇಲೆ ಕೂತಳು. ಡಾಕ್ಟರು ತಮ್ಮ ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸಿದರು.

ಅಜ್ಜಿಗೆ ಜೀವ ಬಾಯಿಗೆ ಬಂತು. "ಎದ್ದೇಳೇ ಮಗಾ! ಬಸ್ಸು ಹೋದ್ರೆ ಸೀಟೂ ಹೋಯ್ತು. ಈ ಬೋಳೀಮಗ ಮುಟ್ಟಿದ್ರೆಷ್ಟು, ಬಿಟ್ರೆಷ್ಟು!" ಅಂದಮೇಲೆ ಅರಿವಾಗಿ, "ನಿಮಗಲ್ಲ ಸ್ವಾಮಿ, ಬಸ್ಸಿನೋನಿಗೆ ಅಂದೆ," ಎಂದಳು.

ಹೊರಗೆ ಯಾರೋ ಕಿಸಕ್ಕೆಂದರು. ಹುಡುಗಿಗೆ ನಗು ಬರಲಿಲ್ಲ. ಅವಳಿಗೂ ಹೆದರಿಕೆ ಆಗುತ್ತಿತ್ತು. ಈ ಬಸ್ಸು ತಪ್ಪಿದರೆ ನಾಳೆ ಬೆಳಗ್ಗೆ ಅಮ್ಮನ ಜೊತೆ ಪೊರಕೆ ಹಿಡಿಯಬೇಕೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಕಾಗದವನ್ನು ಮೇಜಿನ ನಡುವೆ ಇಟ್ಟು, ಅಂಗಿಯ ತೋಳು ಮೇಲಕ್ಕೆ ಸರಿಸಿ, ಆ ಕಾಗದದ ಮೇಲೆಯೇ ತನ್ನ ಕೈಯನ್ನು ಅಂಗಾತ ಚಾಚಿದಳು.

"ನಾನು ಕಲಿಯೋಕೆ ಹೊರಟಿರೋದೇ ಮುಟ್ಟೋ ಕೆಲ್ಸ ಸಾರ್. ಹಿಡೀರಿ. ಎಷ್ಟಿದ್ಯೋ ಅಷ್ಟು ಬರೀರಿ."

ಬೀದಿಯ ಕೊನೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಡಾಕ್ಟರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದರು.

ಹುಡುಗಿ ಕೈ ತೆಗೆಯಲಿಲ್ಲ.